ಎರಡು ಸಲ ಬಂದ ಗಂಟೆ

ಫೆಬ್ರವರಿ 21

ತಮ್ಮಾ,

ನಿನಗೆ ಇನ್ನು ಕಾಗದ ಬರೆಯುವುದಿಲ್ಲ ಎಂದುಕೊಂಡಿದ್ದೆ. ಬರೆಯುವ ಹಾಗೆ ಮಾಡಿದ್ದು ನಿನ್ನ ಯಂತ್ರ.

ನಿನ್ನೆ ನಿಮ್ಮ ಜನನ ನೋಂದಣಿ ಕಚೇರಿಯಿಂದ ಒಂದು ಹಳದಿ ಕಾರ್ಡು ಬಂತು. ‘ನಿಮ್ಮ ಮಗುವಿಗೆ ಒಂಬತ್ತು ತಿಂಗಳು ತುಂಬಿದೆ. ಅಭಿನಂದನೆಗಳು. ದಡಾರದ ಲಸಿಕೆ ಹಾಕಿಸಲು ಮರೆಯದಿರಿ.’ ಮರೆಯದಿರಿ ಎನ್ನುವುದನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದೀರಿ. ನನ್ನ ಮಗಳು ಕಡ್ಲೆ ಹೋಗಿ ನಾಲ್ಕು ತಿಂಗಳಾಗುತ್ತ ಬಂತು. ಐದು ತಿಂಗಳು ಇದ್ದ ಮಗುವಿಗೆ ಒಂಬತ್ತು ತಿಂಗಳು ತುಂಬಿಸಿದ ಪುಣ್ಯಾತ್ಮ ನೀನೇ.

ಆರನೆಯ ತಿಂಗಳಿನದೂ ಒಂದು ಬಂದಿತ್ತಂತೆ. ನಿನ್ನ ಭಾವ ಅದನ್ನು ಮೆಟ್ಟಿಲ ಮೇಲೇ ಹರಿದು ಜೇಬಿಗೆ ಹಾಕಿಕೊಂಡಿದ್ದರಂತೆ. ಆಗಿನಿಂದ ಅಂಚೆಯವನು ಬರುವ ಹೊತ್ತಿಗೆ ಏನಾದರೂ ನೆಪ ಮಾಡಿ ಕೆಳಗಿಳಿಯುತ್ತಿದ್ದರು. ನಿನ್ನೆ ಯಾವುದೋ ಕಟ್ಟಡದಲ್ಲಿ ಲಿಫ್ಟು ಸಿಕ್ಕಿಕೊಂಡಿತೆಂದು ಬೇಗ ಹೋಗಿದ್ದರು. ಕಾರ್ಡು ನನ್ನ ಕೈಗೇ ಬಂತು.

ನಾನು ಮತ್ತೆ ಬೇಕರಿಗೆ ಹೋಗುತ್ತಿದ್ದೇನೆ. ಕೇಕಿನ ಮೇಲೆ ಹೆಸರು ಬರೆಯುವ ಮೇಜು ಬೇಡವೆಂದೆ. ಯಜಮಾನಿ ಏನೂ ಕೇಳದೆ ಬ್ರೆಡ್ಡು ಕೊಯ್ಯುವ ಕಡೆಗೆ ಹಾಕಿದಳು. ಅವಳಿಗಿರುವಷ್ಟು ಬುದ್ಧಿ ನಿಮ್ಮ ಕಚೇರಿಗಿಲ್ಲ.

ಅವಳು ಹೋದ ರಾತ್ರಿ ಆಸ್ಪತ್ರೆಯ ಕಾರಿಡಾರಿನಲ್ಲಿ, ‘ನಿನ್ನ ಗಡಿಯಾರ ಸರಿಯಾಯ್ತಾ?’ ಎಂದು ಕೇಳಿ ಮುಖ ತಿರುಗಿಸಿದ್ದೆ. ಅದಾದ ಮೇಲೆ ನಿನ್ನ ಹತ್ತಿರ ಆಡುತ್ತಿರುವ ಮೊದಲ ಮಾತು ಇದು. ಕಾರ್ಡು ನಿಲ್ಲಿಸು. ಅಷ್ಟು ಸಾಕು.

ಅಕ್ಕ


ಫೆಬ್ರವರಿ 26

ಅಕ್ಕಾ,

ಲಕೋಟೆಯ ಮೇಲೆ ನಿನ್ನ ಅಕ್ಷರ ನೋಡಿ, ಒಡೆಯದೆ ಮಧ್ಯಾಹ್ನದವರೆಗೂ ಜೇಬಿನಲ್ಲಿಟ್ಟುಕೊಂಡಿದ್ದೆ. ಕ್ಷಮಿಸು ಎಂದು ಬರೆದು ಮೂರು ಹಾಳೆ ಹರಿದೆ. ಅದಕ್ಕೇ ನನಗೆ ಬರೆಯಲು ಬರುವುದನ್ನು ಬರೆಯುತ್ತಿದ್ದೇನೆ.

ಆ ಕಾರ್ಡುಗಳನ್ನು ಯಾರೂ ಕೂತು ಬರೆಯುವುದಿಲ್ಲ. ಸಿ ಭಾಷೆಯಲ್ಲಿ ನಾನು ಬರೆದ ಪ್ರೋಗ್ರಾಮು ದಿನಾ ಬೆಳಿಗ್ಗೆ ಎಲ್ಲ ಮಕ್ಕಳ ವಯಸ್ಸು ನೋಡಿ ಅಚ್ಚಿಗೆ ಕಳಿಸುತ್ತದೆ. ಆ ಭಾಷೆಯಲ್ಲಿ ದಿನಾಂಕವೆಂದರೆ ಖಾನೆಗಳಿರುವ ಒಂದು ಡಬ್ಬಿ. ವರ್ಷಕ್ಕೊಂದು ಖಾನೆ, ತಿಂಗಳಿಗೊಂದು, ದಿನಕ್ಕೊಂದು, ಗಂಟೆ ನಿಮಿಷಕ್ಕೆ ಒಂದೊಂದು. ತಿಂಗಳನ್ನು ಸೊನ್ನೆಯಿಂದ ಎಣಿಸಬೇಕು. ಜನವರಿ ಸೊನ್ನೆ, ಹಾಗಾಗಿ ಕಡ್ಲೆ ಹುಟ್ಟಿದ ಮೇ ನಾಲ್ಕು. ನಾಲ್ಕಕ್ಕೆ ಒಂಬತ್ತು ಸೇರಿಸಿದರೆ ಹದಿಮೂರು. ಹದಿಮೂರು ಎಂಬ ತಿಂಗಳಿಲ್ಲ. ಆದರೆ ‘ಮೇಕ್‌ಟೈಮ್’ ಎಂಬ ಒಂದು ಸಿದ್ಧ ತುಣುಕಿದೆ. ಹೆಸರಿನ ಅರ್ಥ ಸಮಯ ಮಾಡು ಎಂದು. ಇಲ್ಲದ ತಾರೀಕನ್ನು ಕೊಟ್ಟರೂ ಅದು ಬೈಯದೆ ತಿದ್ದಿ, ಇದು ಬರುವ ವರ್ಷದ ಫೆಬ್ರವರಿ ಎಂದು ಹೇಳುತ್ತದೆ. ಆಮೇಲೆ ಅದನ್ನೆಲ್ಲ ಸೆಕೆಂಡುಗಳಾಗಿ ಕರಗಿಸಿ ಒಂದೇ ಉದ್ದನೆಯ ಸಂಖ್ಯೆ ಕೊಡುತ್ತದೆ. ಸಾವಿರದ ಒಂಬೈನೂರ ಎಪ್ಪತ್ತನೇ ಇಸವಿಯ ಮೊದಲ ಕ್ಷಣದಿಂದ ಎಣಿಸಿದ್ದು.

ತಪ್ಪಾದದ್ದು ಇಲ್ಲಿ. ಹುಟ್ಟಿದ ದಿನಕ್ಕೆ ನಾನು ಜಾಗ ಇಟ್ಟಿದ್ದೆ. ಹೋದ ದಿನಕ್ಕೆ ಇಡಲಿಲ್ಲ. ಹುಟ್ಟಿದ ಮಗು ಬೆಳೆಯುತ್ತಲೇ ಹೋಗುತ್ತದೆ ಎಂದು ನನ್ನ ಪ್ರೋಗ್ರಾಮು ನಂಬಿಕೊಂಡಿದೆ.

ಇವತ್ತು ಸಂಜೆ ಎಲ್ಲರೂ ಹೋದ ಮೇಲೆ ನೋಂದಣಿಯಲ್ಲಿದ್ದ ಕಡ್ಲೆಯ ಸಾಲನ್ನು ಹುಡುಕಿ ಅಳಿಸಿದೆ. ಇನ್ನು ಬರುವುದಿಲ್ಲ.

ತಮ್ಮ


ಮಾರ್ಚ್ 5

ತಮ್ಮಾ,

ಪುಟದ ತುಂಬ ಯಂತ್ರದ ಪುರಾಣ ಬರೆದು ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, ಅದರ ಫಲ ಏನಾಯಿತು ಕೇಳು.

ಭಾವನ ಕಂಪನಿಯವರು ಆಸ್ಪತ್ರೆಯ ಖರ್ಚು ಕೊಡಬೇಕಾದರೆ ಮಗುವಿನ ಜನನ ಪತ್ರ ಬೇಕೆಂದರು. ಮೊನ್ನೆ ಅರ್ಧ ದಿನ ರಜೆ ಹಾಕಿ ನಿಮ್ಮ ಇಲ್ಲಿನ ಶಾಖೆಗೆ ಹೋದೆ. ಕಿಟಕಿಯ ಹಿಂದೆ ಒಂದು ಹುಡುಗಿ ಕೂತಿದ್ದಳು, ಒಳ್ಳೆಯವಳೇ. ತಾರೀಕು ಹೇಳಿದೆ, ನನ್ನ ಹೆಸರು ಹೇಳಿದೆ. ಎರಡು ಸಲ ಹುಡುಕಿದಳು. ಆಮೇಲೆ, ‘ಅಂಥ ಮಗು ಹುಟ್ಟೇ ಇಲ್ವಲ್ಲಮ್ಮ’ ಎಂದಳು.

ನನ್ನ ಹಿಂದೆ ಹತ್ತು ಜನ ಇದ್ದರು. ನಾನು ಏನೆಂದೆ ಗೊತ್ತಾ? ‘ಸರಿ, ಇನ್ನೊಂದು ಸಲ ಬರ್ತೀನಿ’ ಎಂದೆ. ಅಂಗಡಿಯಲ್ಲಿ ಸಾಮಾನು ಮುಗಿದಿದೆ ಅಂದಾಗ ಹೇಳುವ ಹಾಗೆ. ಹೊರಗೆ ಬಂದು ಬಸ್ಸಿನ ನಿಲ್ದಾಣದಲ್ಲಿ ಕೂತೆ. ನನ್ನ ಬಸ್ಸು ಎರಡು ಹೋದವು.

ಮೇ ಹದಿನೇಳು, ಬೆಳಿಗ್ಗೆ. ಹಿಡಿಯಷ್ಟಿದ್ದಳು. ನೀನೇ ಬಂದು ನೋಡಿ, ‘ಇದೇನಕ್ಕ ಕಡ್ಲೆಕಾಳು’ ಎಂದು ನಕ್ಕೆ. ಹೆಸರಿಡುವ ಮೊದಲೇ ಹೆಸರಿಟ್ಟವನು ನೀನು. ಎದೆಯಲ್ಲಿ ತೂತಿದೆ ಎಂದು ವೈದ್ಯರು ಹೇಳಿದ ಮೇಲೂ ವಾರ ವಾರ ಬಂದು ಎತ್ತಿಕೊಂಡವನು ನೀನು. ಅವಳು ಹುಟ್ಟೇ ಇಲ್ಲ ಎಂದು ಮಾಡಿದವನೂ ನೀನೇ ಆಗಬೇಕಿತ್ತೇ?

ಕಾರ್ಡು ನಿಲ್ಲಿಸು ಎಂದೆ. ನನ್ನ ಮಗಳನ್ನು ಅಳಿಸು ಅನ್ನಲಿಲ್ಲ.

ಸಮಯ ಮಾಡುವ ಕೆಲಸ ನಿನ್ನ ಯಂತ್ರಕ್ಕೆ ಬರುತ್ತದಂತೆ. ಸಂತೋಷ. ಸಮಯ ಮಾಡಿಕೊಂಡು ಬರುವುದು ನಿನಗೆ ಬರಲಿಲ್ಲ.

ಅವಳನ್ನು ವಾಪಸು ಇಡು.

ಅಕ್ಕ


ಮಾರ್ಚ್ 14

ಅಕ್ಕಾ,

ವಾಪಸು ಇಟ್ಟಿದ್ದೇನೆ. ಹಳೆಯ ಪ್ರತಿಯೊಂದು ನಮ್ಮಲ್ಲಿ ಭದ್ರವಾಗಿರುತ್ತದೆ. ಅದರಿಂದ ತೆಗೆದು, ತೂಕ, ಗಂಟೆ, ಎಲ್ಲವನ್ನೂ ಒಂದೊಂದಾಗಿ ತಾಳೆ ನೋಡಿದೆ. ಜನನ ಪತ್ರವನ್ನು ಈ ಕಾಗದದ ಜೊತೆಗೇ ಇಟ್ಟಿದ್ದೇನೆ. ನೀನು ಆ ಕಿಟಕಿಗೆ ಮತ್ತೆ ಹೋಗಬೇಕಾಗಿಲ್ಲ.

ನಿನ್ನ ಕಾಗದ ಓದಿದ ಮೇಲೆ ವಿಳಾಸಕ್ಕೆ ತಲುಪದೆ ವಾಪಸು ಬಂದ ಕಾರ್ಡುಗಳ ಚೀಲವನ್ನು ತೆರೆಸಿದೆ. ಅವುಗಳಲ್ಲಿ ಎಷ್ಟೋ ತಲುಪಿದ್ದವು. ತಲುಪಿ, ವಾಪಸು ಬಂದಿದ್ದವು. ಒಬ್ಬಳು ಕಾರ್ಡಿನ ಮೇಲೆ ‘ಇಲ್ಲ’ ಎಂದಷ್ಟೇ ಬರೆದಿದ್ದಳು. ಒಬ್ಬರು ಅಚ್ಚಾದ ‘ಅಭಿನಂದನೆ’ಯ ಮೇಲೆ ಗೀಟು ಹಾಕಿದ್ದರು, ಬೇರೆ ಏನೂ ಇಲ್ಲ. ಚೀಲವನ್ನು ಮೇಲಧಿಕಾರಿಯ ಮೇಜಿನ ಮೇಲೆ ಸುರಿದೆ. ಅವರು ಸುಮಾರು ಹೊತ್ತು ಓದಿ, ‘ಏನು ಬೇಕೋ ಮಾಡಪ್ಪ’ ಎಂದರು.

ಹೋದ ದಿನಕ್ಕೂ ಒಂದು ಜಾಗ ಮಾಡಿದೆ. ಅದೂ ಸುಲಭವಾಗಲಿಲ್ಲ. ಬದುಕಿರುವ ಮಕ್ಕಳಿಗೆ ಆ ಜಾಗದಲ್ಲಿ ಏನು ತುಂಬುವುದು? ಖಾಲಿ ಎಂದು ಸೊನ್ನೆ ಹಾಕಿದೆ. ಸೊನ್ನೆಯೂ ಅದಕ್ಕೆ ಒಂದು ತಾರೀಕೇ. ಎಪ್ಪತ್ತನೇ ಇಸವಿಯ ಜನವರಿ ಒಂದು. ಊರಿನ ಎಲ್ಲ ಮಕ್ಕಳೂ ತಾವು ಹುಟ್ಟುವ ಎಷ್ಟೋ ವರ್ಷ ಮೊದಲೇ ತೀರಿಕೊಂಡರು ಎಂದು ಪರೀಕ್ಷೆಗೆಂದು ಓಡಿಸಿ ನೋಡಿದಾಗ ಕಾಗದ ಉದ್ದಕ್ಕೆ ಅಚ್ಚಾಗಿ ಹೊರಗೆ ಬಂತು. ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

ಅದನ್ನೂ ಸರಿ ಮಾಡಿದೆ. ಈಗ ಒಂದು ಪ್ರಶ್ನೆ ಉಳಿದಿದೆ. ಅದನ್ನು ಕೇಳುವ ಯೋಗ್ಯತೆ ನನಗಿಲ್ಲ ಎಂದು ಗೊತ್ತಿದ್ದೂ ಕೇಳುತ್ತಿದ್ದೇನೆ.

ಅವಳು ಹೋದದ್ದು ಅಕ್ಟೋಬರ್ ಕೊನೆಯ ಶನಿವಾರದ ರಾತ್ರಿ, ಈ ದೇಶದಲ್ಲಿ ಬೇಸಿಗೆಗೆಂದು ಮುಂದಕ್ಕೆ ಇಟ್ಟ ಗಡಿಯಾರವನ್ನು ಎಲ್ಲರೂ ಮತ್ತೆ ಒಂದು ಗಂಟೆ ಹಿಂದಕ್ಕೆ ತಿರುಗಿಸುವ ರಾತ್ರಿ. ಮೂರು ಹೊಡೆಯುತ್ತಲೇ ಮತ್ತೆ ಎರಡು. ಎರಡರಿಂದ ಮೂರರವರೆಗಿನ ಗಂಟೆ ಅವತ್ತು ಎರಡು ಸಲ ಬರುತ್ತದೆ. ಆ ಗಂಟೆಯಲ್ಲಿ ಪ್ರೋಗ್ರಾಮು ಎಡವದಿರಲಿ ಎಂದೇ ನಾನು ಆ ರಾತ್ರಿ ಕಚೇರಿಯಲ್ಲಿ ಕಾವಲಿಗೆ ಕೂತದ್ದು. ಕಡ್ಲೆಯ ಆಸ್ಪತ್ರೆಯ ಕಾಗದದಲ್ಲಿ ‘ಎರಡು ಗಂಟೆ ಇಪ್ಪತ್ತು ನಿಮಿಷ’ ಎಂದಷ್ಟೇ ಇದೆ. ದಿನಾಂಕದ ಆ ಡಬ್ಬಿಯಲ್ಲಿ ಕೊನೆಯದಾಗಿ ಒಂದು ಸಣ್ಣ ಖಾನೆಯಿದೆ. ಬೇಸಿಗೆಯ ಗಡಿಯಾರವಾದರೆ ಒಂದು, ಅಲ್ಲದಿದ್ದರೆ ಸೊನ್ನೆ, ಗೊತ್ತಿಲ್ಲದಿದ್ದರೆ ಒಂದರ ಹಿಂದೆ ಕಳೆಯುವ ಗುರುತು. ಅಂದರೆ ಮೊದಲನೆಯ ಎರಡೂ ಇಪ್ಪತ್ತೋ, ಎರಡನೆಯದೋ ಎಂದು ಅದು ಕೇಳುತ್ತದೆ.

ಬೇರೆ ಯಾರದಾಗಿದ್ದರೂ ‘ಗೊತ್ತಿಲ್ಲ’ ಎಂದು ಹಾಕಿ ಮುಂದಿನ ಸಾಲಿಗೆ ಹೋಗುತ್ತಿದ್ದೆ. ಇವಳಿಗೆ ಹಾಗೆ ಹಾಕಲು ಕೈ ಬರಲಿಲ್ಲ. ನಿನಗೆ ಹೇಳಬೇಕು ಅನ್ನಿಸಿದರೆ ಮಾತ್ರ ಹೇಳು.

ತಮ್ಮ


ಏಪ್ರಿಲ್ 2

ತಮ್ಮಾ,

ಉತ್ತರ ಬರೆಯುವುದಿಲ್ಲ ಎಂದೇ ನಿನ್ನ ಕಾಗದವನ್ನು ಹಿಟ್ಟಿನ ಡಬ್ಬಿಯ ಹಿಂದೆ ತುರುಕಿದ್ದೆ. ಕಳೆದ ಭಾನುವಾರ ಗಡಿಯಾರವನ್ನು ಮತ್ತೆ ಒಂದು ಗಂಟೆ ಮುಂದಕ್ಕೆ ತಿರುಗಿಸಿದೆವಲ್ಲ. ಭಾವ ಕುರ್ಚಿ ಹತ್ತಿ ಮುಳ್ಳು ತಿರುಗಿಸುತ್ತಿದ್ದರು. ಅವತ್ತು ನನಗೆ ಕೊಟ್ಟಿದ್ದ ಗಂಟೆಯನ್ನು ಯಾರೋ ಬಂದು ಕೈಯಿಂದ ಕಿತ್ತುಕೊಂಡು ಹೋದ ಹಾಗಾಯಿತು. ಅವರು ಮಲಗಲು ಹೋದ ಮೇಲೆ ನಿನ್ನ ಕಾಗದ ತೆಗೆದೆ.

ಇದನ್ನು ನಾನು ಯಾರಿಗೂ ಹೇಳಿಲ್ಲ.

ಅವತ್ತು ಒಂದು ಗಂಟೆಗೆ ಭಾವ ನಿನಗೆ ಫೋನು ಮಾಡಿದರು. ಆಪರೇಷನ್ನು ಕೈಕೊಟ್ಟಿತು, ಬೆಳಗಿನವರೆಗೆ ಇದ್ದರೆ ಹೆಚ್ಚು ಎಂದರು. ‘ಎರಡೂವರೆಗೆ ಅಲ್ಲಿರ್ತೀನಿ ಭಾವ’ ಎಂದು ನೀನು ಹೇಳಿದೆಯಂತೆ. ಯಾವ ಎರಡೂವರೆ ಎಂದು ಹೇಳಲಿಲ್ಲ. ನಮಗೆ ಇರುವುದು ಒಂದೇ ಎಂದುಕೊಂಡಿದ್ದೆವು.

ವೈದ್ಯರು ನಳಿಕೆಗಳನ್ನೆಲ್ಲ ತೆಗೆಸಿ ಅವಳನ್ನು ನನ್ನ ಕೈಗೆ ಕೊಟ್ಟಿದ್ದರು. ರಾತ್ರಿ ಆಸ್ಪತ್ರೆಯ ಗೇಟಿನವನು ಮನೆಯವರು ಬಂದು ಹೇಳದೆ ಯಾರನ್ನೂ ಬಿಡುವುದಿಲ್ಲ. ಎರಡೂ ಹತ್ತಕ್ಕೆ ಭಾವ, ‘ಅವನು ಬರೋ ಹೊತ್ತಾಯ್ತು, ಕರ್ಕೊಂಡು ಬರ್ತೀನಿ’ ಎಂದು ಕೆಳಗೆ ಹೋದರು. ಹೋಗುವಾಗ ಅವಳ ಕಾಲುಚೀಲ ಸರಿ ಮಾಡಿ ಹೋದರು.

ಅವರು ಹೋಗಿ ಹತ್ತು ನಿಮಿಷಕ್ಕೆ ಅವಳು ಹೋದಳು. ಏನೂ ಆಗಲಿಲ್ಲ. ಒಂದು ಉಸಿರು ತೆಗೆದುಕೊಂಡಳು, ನಾನು ಇನ್ನೊಂದಕ್ಕೆ ಕಾದೆ. ತಲೆಯೆತ್ತಿ ಗೋಡೆಯ ಗಡಿಯಾರ ನೋಡಿದೆ. ಎರಡೂ ಇಪ್ಪತ್ತು.

ನರ್ಸು ಬಂದಳು, ದೊಡ್ಡ ವಯಸ್ಸಿನವಳು. ಎದೆಗೆ ಸ್ಟೆತಾಸ್ಕೋಪು ಇಟ್ಟು ಆಲಿಸಿದಳು. ನನ್ನ ಮುಖ ನೋಡಿದಳು. ‘ಡಾಕ್ಟ್ರನ್ನ ಕರೀಲಾ ತಾಯಿ?’ ಎಂದಳು. ಬೇಡವೆಂದು ತಲೆಯಾಡಿಸಿದೆ. ಅವರು ಬಂದರೆ ಅವಳನ್ನು ತೆಗೆದುಕೊಂಡು ಹೋಗುತ್ತಾರೆ. ಅವಳಪ್ಪ ಇನ್ನೂ ಗೇಟಿನಲ್ಲಿದ್ದಾರೆ. ನರ್ಸು ಕಂಬಳಿಯನ್ನು ಇನ್ನೊಂದು ಸುತ್ತು ಸುತ್ತಿ, ನನ್ನ ಪಕ್ಕದಲ್ಲೇ ಕೂತಳು. ಮೂರಾದಾಗ ಎದ್ದು, ಸ್ಟೂಲು ಹತ್ತಿ ಗಡಿಯಾರವನ್ನು ಎರಡಕ್ಕೆ ತಿರುಗಿಸಿದಳು. ಇಳಿದು ಬಂದು, ‘ಈ ಗಂಟೆ ಯಾರ ಲೆಕ್ಕದಲ್ಲೂ ಇಲ್ಲ. ನೀವಿಟ್ಕೊಳ್ಳಿ’ ಎಂದಳು.

ಭಾವ ಒಬ್ಬರೇ ವಾಪಸು ಬಂದರು. ಗಡಿಯಾರ ನೋಡಿ, ‘ಹೋದಾಗ್ಲೂ ಎರಡೂ ಹತ್ತು, ಬಂದಾಗ್ಲೂ ಎರಡೂ ಹತ್ತು’ ಎಂದರು. ಕೈ ಚಾಚಿದರು. ನಾನು ಕೊಟ್ಟೆ. ಎದೆಗೆ ಒತ್ತಿಕೊಂಡು, ‘ಒಳ್ಳೆ ನಿದ್ದೆ ಹತ್ತಿದೆ ಅಲ್ವಾ?’ ಎಂದರು. ಹೂಂ ಎಂದೆ. ಅವರು ಕಿಟಕಿಯ ಹತ್ತಿರ ನಿಂತು ಅವಳನ್ನು ತೂಗುತ್ತಾ ಏನೋ ಗುನುಗಿದರು. ಹತ್ತು ನಿಮಿಷದ ಮೇಲೆ ವೈದ್ಯರು ಬಂದರು. ಎಷ್ಟೊತ್ತಿಗೆ ಎಂದು ಕೇಳಿದಾಗ ನರ್ಸು, ‘ಎರಡೂ ಇಪ್ಪತ್ತು’ ಎಂದಳು. ಸುಳ್ಳು ಹೇಳಲಿಲ್ಲ. ವೈದ್ಯರು ಬರೆದುಕೊಂಡರು. ಅಷ್ಟರಲ್ಲಿ ನೀನು ಕಾರಿಡಾರಿನ ಆ ತುದಿಯಲ್ಲಿ ಓಡಿ ಬರುತ್ತಿದ್ದೆ.

ಮಗಳು ತನ್ನ ತೋಳಿನಲ್ಲೇ ಹೋದಳು ಎಂದು ಭಾವ ನಂಬಿದ್ದಾರೆ. ಯಾರಾದರೂ ಕೇಳಿದರೆ, ಕೊನೆಗೆ ನನ್ನ ಹತ್ತಿರ ಇದ್ದಳು ಎನ್ನುತ್ತಾರೆ. ಅವರಿಗೆ ಉಳಿದಿರುವುದು ಅಷ್ಟೇ.

ಮೊದಲನೆಯದು, ತಮ್ಮಾ. ಮೊದಲನೆಯ ಎರಡೂ ಇಪ್ಪತ್ತು. ನಿನ್ನ ಖಾನೆಗೆ ಏನು ಹಾಕುತ್ತೀಯೋ ಹಾಕು. ಭಾವನ ಕಣ್ಣಿಗೆ ಬೀಳುವ ಯಾವ ಕಾಗದದಲ್ಲೂ ಇದು ಕಾಣಬಾರದು.

ಅಕ್ಕ


ಏಪ್ರಿಲ್ 9

ಅಕ್ಕಾ,

ಖಾನೆಯಲ್ಲಿ ‘ಒಂದು’ ಎಂದು ಹಾಕಿದೆ. ನೀನು ಹೇಳಿದ್ದೇ ನಿಜವಾಗಿ ಒಳಗೆ ಉಳಿಯುತ್ತದೆ, ಸೆಕೆಂಡುಗಳ ಆ ಉದ್ದನೆಯ ಸಂಖ್ಯೆಯಾಗಿ. ಅದನ್ನು ನೋಡಿ ಯಾರಿಗೂ ಏನೂ ತಿಳಿಯುವುದಿಲ್ಲ.

ನೀನು ಹೆದರುವುದು ಬೇಡ. ಆ ಸಂಖ್ಯೆಯನ್ನು ಮತ್ತೆ ಗಡಿಯಾರದ ಹೊತ್ತಾಗಿ ತಿರುಗಿಸಿ ಅಚ್ಚು ಹಾಕಿದೆ. ಆಮೇಲೆ ಒಂದು ಗಂಟೆ ತಡವಾಗಿ ಹೋದ ಹಾಗೆ ಸೊನ್ನೆ ಹಾಕಿ ಇನ್ನೊಂದು ಪ್ರತಿ ಅಚ್ಚು ಹಾಕಿದೆ. ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದೆ. ಎರಡರಲ್ಲೂ ಎರಡು ಗಂಟೆ ಇಪ್ಪತ್ತು ನಿಮಿಷ. ಒಂದಕ್ಷರದ ವ್ಯತ್ಯಾಸವೂ ಇಲ್ಲ. ಭಾವ ಎಷ್ಟು ಸಲ ಕೇಳಿ ತರಿಸಿಕೊಂಡರೂ ಅವರಿಗೆ ಗೊತ್ತಿರುವುದೇ ಕಾಣುತ್ತದೆ. ಎರಡನೆಯ ಪ್ರತಿಯನ್ನು ಹರಿದುಹಾಕಿದೆ.

ಇನ್ನು ಮೇಲೆ ಹೋದ ದಿನ ತುಂಬಿದ ಮಗುವಿನ ಮನೆಗೆ ಕಾರ್ಡು ಹೋಗುವುದಿಲ್ಲ. ಸಾಲು ಮಾತ್ರ ಇರುತ್ತದೆ.

ಭಾವ ಗೇಟಿನಲ್ಲಿ ನಿಂತದ್ದು ನನಗಾಗಿ ಎಂಬುದು ನನಗೆ ಗೊತ್ತಿರಲಿಲ್ಲ. ಫೋನಿಟ್ಟಾಗ ನಾನು ಎರಡನೆಯ ಎರಡೂವರೆ ಎಂದೇ ಲೆಕ್ಕ ಹಾಕಿದ್ದೆ. ಗಡಿಯಾರ ತಿರುಗಿದ್ದನ್ನು ನೋಡಿ ಹೊರಟರೆ ಸರಿಹೋಗುತ್ತದೆ ಅಂದುಕೊಂಡೆ. ಆ ಗಂಟೆಯಲ್ಲಿ ಪರದೆಯ ಮೇಲೆ ಏನೂ ತಪ್ಪಾಗಲಿಲ್ಲ, ಅಕ್ಕ. ನಾನು ಅಲ್ಲಿ ಇರಬೇಕಾಗಿಯೇ ಇರಲಿಲ್ಲ.

ಇದಕ್ಕಿಂತ ಹೆಚ್ಚು ಬರೆಯಲಾರೆ.

ತಮ್ಮ


ಏಪ್ರಿಲ್ 20

ತಮ್ಮನಿಗೆ,

ಕಾಗದ ಬರೆದು ನನಗೆ ಅಭ್ಯಾಸವಿಲ್ಲ. ಲಿಫ್ಟು ಸರಿಯಾದ ಮೇಲೆ ‘ಸರಿಪಡಿಸಲಾಗಿದೆ’ ಎಂದು ಚೀಟಿ ಅಂಟಿಸುವುದಷ್ಟೇ ನನ್ನ ಬರವಣಿಗೆ. ತಪ್ಪಿದ್ದರೆ ಹೊಂದಿಸಿಕೊಂಡು ಓದು. ಇದನ್ನು ಕೆಲಸದ ಜಾಗದಿಂದ ಬರೆಯುತ್ತಿದ್ದೇನೆ.

ನೀವಿಬ್ಬರೂ ಬರೆದುಕೊಂಡದ್ದನ್ನು ನಾನು ಓದಿಲ್ಲ. ಓದುವುದೂ ಇಲ್ಲ. ನೀನು ಯಾವುದೋ ಹೊತ್ತು ಕೇಳಿದ್ದೀಯ ಎಂದು ನಿನ್ನ ಅಕ್ಕ ಅಂದಳು. ಏನು ಬರೆದೆ ಎಂದೆ. ‘ಎರಡೂ ಇಪ್ಪತ್ತು ಅಂತ ಬರೆದೆ, ಇನ್ನೇನಿದೆ ಬರೆಯೋಕೆ?’ ಎಂದಳು. ಅಷ್ಟು ಬರೆಯಲು ಮೂರು ರಾತ್ರಿ ಅಡುಗೆಮನೆಯ ಬಾಗಿಲು ಹಾಕಿಕೊಂಡು ಕೂತಿದ್ದಳು. ನನಗೆ ಅರ್ಥವಾಯಿತು. ನಾನು ನಿದ್ದೆ ಮಾಡುತ್ತಿದ್ದೇನೆ ಎಂದುಕೊಂಡಿದ್ದಳು.

ಅವಳು ನಿನಗೆ ಹೇಳಿದ್ದು ನನಗೆ ಆವತ್ತಿನಿಂದಲೂ ಗೊತ್ತು.

ಮಗು ಕೈಗೆ ಬಂದಾಗಲೇ ಗೊತ್ತಾಯಿತು. ಕತ್ತು ನನ್ನ ತೋಳಿನ ಮೇಲೆ ಕೂತ ರೀತಿಗೇ ಗೊತ್ತಾಯಿತು. ಕೆನ್ನೆ ಮುಟ್ಟಿದೆ. ಯಾವ ಅಪ್ಪನಿಗೂ ಗೊತ್ತಾಗುತ್ತದೆ. ನಿನ್ನ ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಆ ನೋಟ ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ನನಗೆ ತಿಳಿಯಲಿಲ್ಲ ಎಂಬುದು ಅವಳಿಗೆ ಬೇಕಾಗಿತ್ತು. ಅದಕ್ಕೆ, ಒಳ್ಳೆ ನಿದ್ದೆ ಹತ್ತಿದೆ ಎಂದೆ. ಕಿಟಕಿಯ ಕಡೆ ತಿರುಗಿ ನಿಂತದ್ದು ಮುಖ ಕಾಣಬಾರದೆಂದು.

ಕೊನೆಗೆ ನನ್ನ ಹತ್ತಿರ ಇದ್ದಳು ಎಂದು ಈಗಲೂ ಎಲ್ಲರ ಮುಂದೆ ಹೇಳುತ್ತೇನೆ. ಹೇಳಿದಾಗಲೆಲ್ಲ ಅವಳ ಮುಖ ಸ್ವಲ್ಪ ಹಗುರಾಗುತ್ತದೆ. ನನಗಾಗಿ ಇದೊಂದನ್ನಾದರೂ ಉಳಿಸಿಕೊಟ್ಟೆನೆಂಬ ಸಮಾಧಾನ ಅವಳಿಗಿದೆ. ಅದನ್ನೂ ನಾನು ಕಿತ್ತುಕೊಂಡರೆ ಅವಳ ಕೈಯಲ್ಲಿ ಏನೂ ಇರುವುದಿಲ್ಲ.

ನಿನ್ನ ಮೇಲೆ ಸಿಟ್ಟಿಲ್ಲ ಎಂದು ಸುಳ್ಳು ಹೇಳಲಾರೆ. ಗೇಟಿನವನ ಜೊತೆ ಬೆಂಚಿನಲ್ಲಿ ಕೂತದ್ದು ನೆನಪಾದರೆ ಒಂದೊಂದು ದಿನ ಕೆಲಸ ಬಿಟ್ಟು ನಿಂತುಬಿಡುತ್ತೇನೆ. ಒಂದೊಂದು ದಿನ ನೀನು ಕಾರಿಡಾರಿನಲ್ಲಿ ಓಡಿ ಬಂದದ್ದು ನೆನಪಾಗುತ್ತದೆ. ನಿನ್ನ ಅಂಗಿಯ ಗುಂಡಿ ಮೇಲೆ ಕೆಳಗಾಗಿತ್ತು. ಆಗ ಸಿಟ್ಟು ಹೋಗುತ್ತದೆ. ಹೀಗೇ ನಡೆಯುತ್ತಿದೆ.

ಈ ಭಾನುವಾರ ಊಟಕ್ಕೆ ಬಾ. ಕರೆಯಲು ನಿನ್ನ ಅಕ್ಕನೇ ಹೇಳಿದ್ದು, ಆದರೆ ತಾನು ಹೇಳಿದ್ದೆಂದು ಬರೆಯಬೇಡಿ ಎಂದಿದ್ದಾಳೆ. ಮಳೆ ಬಂತೇ, ಬಸ್ಸು ಸಿಕ್ಕಿತೇ ಎಂದು ಏನಾದರೂ ಮಾತಾಡೋಣ. ಅವಳು ಬಡಿಸಿದ್ದನ್ನು ಬೇಡವೆನ್ನಬೇಡ.

ಅವಳು ಎದ್ದು ಒಳಗೆ ಹೋದಾಗ ಮಾತ್ರ ನನ್ನ ಮುಖ ನೋಡಬೇಡ.

ಭಾವ